ಆರ್ಚಿಬಾಲ್ಡ್ ಮಾಂಟ್‌ಗೊಮೆರಿ ಲೋ

ಆರ್ಚಿಬಾಲ್ಡ್ ಮಾಂಟ್‌ಗೊಮೆರಿ ಲೋ (17 ಅಕ್ಟೋಬರ್ 1888 – 13 ಸೆಪ್ಟೆಂಬರ್ 1956) ಇಂಗ್ಲೆಂಡಿನ ಎಂಜಿನಿಯರ್, ಸಂಶೋಧಕ ಹಾಗೂ ವಿಜ್ಞಾನ ಲೇಖಕರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ನೆಲದ ಮೇಲಿನಿಂದ ರೇಡಿಯೋ ಸಂಕೇತಗಳ ಮೂಲಕ ನಡೆಸಬಹುದಾದ ಪೈಲಟ್‌ರಹಿತ ವಿಮಾನವೊಂದನ್ನು ಸಿದ್ಧಪಡಿಸಿದ ಬ್ರಿಟಿಷ್ ಸೇನೆಯ ತಂಡಕ್ಕೆ ಇವರು ಮುಖ್ಯಸ್ಥರಾಗಿದ್ದರು. ಜರ್ಮನಿಯ ಜೆಪ್ಪೆಲಿನ್ ವಾಯುನೌಕೆಗಳನ್ನು ಆಕಾಶದಲ್ಲಿಯೇ ತಡೆದು ನಾಶಪಡಿಸುವುದು ಆ ವಿಮಾನದ ಉದ್ದೇಶಗಳಲ್ಲಿ ಒಂದಾಗಿತ್ತು. ಈ ಕಾರಣದಿಂದ ಇಂದಿನ ದಾಳಿ ಡ್ರೋನ್‌ಗಳ ಚರಿತ್ರೆಯಲ್ಲಿಯೂ, ಅವುಗಳನ್ನು ತಡೆಯುವ ಪ್ರತಿಬಂಧಕ ಡ್ರೋನ್‌ಗಳ ಚರಿತ್ರೆಯಲ್ಲಿಯೂ ಇವರ ಹೆಸರು ಆರಂಭದಲ್ಲಿಯೇ ಬರುತ್ತದೆ. ರೇಡಿಯೋ ಮಾರ್ಗದರ್ಶನ ವ್ಯವಸ್ಥೆಗಳ ಪಿತಾಮಹರೆಂದು ಇವರನ್ನು ಕರೆಯುವುದುಂಟು. ಆದರೆ ಇವರು ರೂಪಿಸಿದ ವಿಮಾನ ಒಂದು ಜೆಪ್ಪೆಲಿನನ್ನೂ ಹೊಡೆದುರುಳಿಸಲಿಲ್ಲ. ಯುದ್ಧರಂಗಕ್ಕೇ ಅದು ಹೋಗಲಿಲ್ಲ.

ಜನನ ಮತ್ತು ವಿದ್ಯಾಭ್ಯಾಸ

ಲೋ ಅವರು ಲಂಡನ್ನಿನ ದಕ್ಷಿಣಕ್ಕಿರುವ ಪರ್ಲಿ ಎಂಬ ಊರಿನಲ್ಲಿ ಜನಿಸಿದರು. ತಂದೆ ಜಾನ್ ಲೋ ಎಂಜಿನಿಯರ್ ಆಗಿದ್ದರು. ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಯಲ್ಲಿ ಓದಿದ ಬಳಿಕ ಸೌತ್ ಕೆನ್ಸಿಂಗ್ಟನ್‌ನ ಸೆಂಟ್ರಲ್ ಟೆಕ್ನಿಕಲ್ ಕಾಲೇಜಿನಲ್ಲಿ ಎಂಜಿನಿಯರಿಂಗ್ ಶಿಕ್ಷಣ ಪಡೆದರು. ಬಾಲ್ಯದಿಂದಲೂ ಮನೆಯಲ್ಲಿ ರಾಸಾಯನಿಕ ಹಾಗೂ ವಿದ್ಯುತ್ ಪ್ರಯೋಗಗಳನ್ನು ನಡೆಸುವ ಹವ್ಯಾಸ ಇವರಿಗಿತ್ತು.

ವಿದ್ಯಾಭ್ಯಾಸದ ನಂತರ ಚಿಕ್ಕಪ್ಪನವರ ಲೋ ಆಕ್ಸೆಸರೀಸ್ ಅಂಡ್ ಇಗ್ನಿಷನ್ ಕಂಪನಿಯನ್ನು ಸೇರಿದರು. ಎಂಜಿನ್ನುಗಳ ಜ್ವಲನ ವ್ಯವಸ್ಥೆಗೆ ಸಂಬಂಧಿಸಿದ ಈ ಸಂಸ್ಥೆಗೆ ಹಣದ ಅಡಚಣೆ ತಪ್ಪಿದ್ದಲ್ಲ. ಯುವಕ ಲೋ ಅವರ ತಲೆಯಲ್ಲಿ ಹೊಳೆಯುತ್ತಿದ್ದ ಯೋಜನೆಗಳಿಗೆ ಸಾಲುವಷ್ಟು ಬಂಡವಾಳ ಅಲ್ಲಿ ಎಂದೂ ಇರಲಿಲ್ಲ. ಅನಿಲ ಟರ್ಬೈನ್‌ನಿಂದ ಹಿಡಿದು ಮೊಟ್ಟೆ ಬೆಂದೊಡನೆ ಸಿಳ್ಳೆ ಹಾಕುವ ಪಾತ್ರೆಯವರೆಗೆ ಅನೇಕ ವಸ್ತುಗಳ ಮೇಲೆ ಇವರು ಏಕಕಾಲದಲ್ಲಿ ಕೆಲಸ ಮಾಡುತ್ತಿದ್ದರು. ಇವುಗಳಲ್ಲಿ ಮಾರುಕಟ್ಟೆಯಲ್ಲಿ ಚೆನ್ನಾಗಿ ಮಾರಾಟವಾದದ್ದು ಮೊಟ್ಟೆಯ ಪಾತ್ರೆ. ಒಂದು ಕೆಲಸವನ್ನು ಕೊನೆಮುಟ್ಟಿಸುವ ಮೊದಲೇ ಮತ್ತೊಂದಕ್ಕೆ ಕೈಹಾಕುವ ಈ ಸ್ವಭಾವ ಕೊನೆಯವರೆಗೂ ಇವರ ಜೊತೆಗಿತ್ತು. ಇವರ ಹೆಸರು ಅರ್ಧ ಮರೆತುಹೋಗಿರುವುದಕ್ಕೆ ಇದೂ ಒಂದು ಕಾರಣವೆನ್ನಬೇಕು.

ಟೆಲಿವಿಸ್ಟಾ

1914ರ ಮೇ ತಿಂಗಳಿನಲ್ಲಿ ಲೋ ಅವರು ಲಂಡನ್ನಿನಲ್ಲಿ ಆಟೋಮೊಬೈಲ್ ಎಂಜಿನಿಯರುಗಳ ಸಂಸ್ಥೆಯ ಮುಂದೆ ಒಂದು ಯಂತ್ರವನ್ನು ಪ್ರದರ್ಶಿಸಿದರು. ಒಂದು ಕಡೆ ಇರುವ ದೃಶ್ಯವನ್ನು ವಿದ್ಯುತ್ತಿನ ಸಹಾಯದಿಂದ ಮತ್ತೊಂದು ಕಡೆ ಮೂಡಿಸುವ ಈ ಯಂತ್ರಕ್ಕೆ ಟೆಲಿವಿಸ್ಟಾ ಎಂದು ಹೆಸರಿಟ್ಟಿದ್ದರು. ಬೆಳಕಿಗೆ ತಕ್ಕಂತೆ ವಿದ್ಯುತ್ ನಿರೋಧವನ್ನು ಬದಲಿಸುವ ಸೆಲೆನಿಯಂ ಕೋಶಗಳ ಜಾಲರಿ ಇದರ ಮುಖ್ಯ ಭಾಗ. ಚಿತ್ರವನ್ನು ಸಣ್ಣ ಸಣ್ಣ ತುಣುಕುಗಳಾಗಿ ಒಡೆದು, ಒಂದೊಂದು ತುಣುಕಿನ ಬೆಳಕನ್ನು ಸಂಕೇತವಾಗಿ ಕಳುಹಿಸಿ, ಇನ್ನೊಂದು ತುದಿಯಲ್ಲಿ ಅದೇ ಕ್ರಮದಲ್ಲಿ ಜೋಡಿಸುವುದು ಇದರ ತತ್ತ್ವ. ಮೂಡುತ್ತಿದ್ದ ಚಿತ್ರ ತೀರ ಒರಟಾಗಿತ್ತು. ಆದರೂ ಪತ್ರಿಕೆಗಳು ಇದನ್ನು ವರದಿ ಮಾಡಿದವು. ಲಂಡನ್ನಿನ ಸೆಲ್ಫ್‌ರಿಜ್ ಅಂಗಡಿಯ ವಿಜ್ಞಾನ ಪ್ರದರ್ಶನದಲ್ಲಿಯೂ ಯಂತ್ರವನ್ನು ಇರಿಸಲಾಯಿತು. ಜಾನ್ ಲೋಗಿ ಬೇರ್ಡ್ ಅವರ ದೂರದರ್ಶನ ಪ್ರದರ್ಶನ ನಡೆದದ್ದು ಇದಾಗಿ ಹನ್ನೊಂದು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ, 1926ರಲ್ಲಿ.

ಟೆಲಿವಿಸ್ಟಾದ ಕೆಲಸ ಆಗಸ್ಟ್‌ನಲ್ಲಿ ಯುದ್ಧ ಆರಂಭವಾದೊಡನೆ ನಿಂತಿತು. ಆದರೆ ಎರಡು ತುದಿಗಳಲ್ಲಿರುವ ಯಂತ್ರಭಾಗಗಳನ್ನು ಒಂದೇ ತಾಳಕ್ಕೆ ನಡೆಸುವ ವಿಷಯದಲ್ಲಿ ಇವರಿಗೆ ದೊರೆತ ಅನುಭವ ಮುಂದಿನ ಕೆಲಸಕ್ಕೆ ನೇರವಾಗಿ ಒದಗಿಬಂತು.

ಜೆಪ್ಪೆಲಿನ್ ದಾಳಿಗಳ ಹಿನ್ನೆಲೆ

1915ರ ಜನವರಿ 19ರ ರಾತ್ರಿ ಜರ್ಮನಿಯ ಜೆಪ್ಪೆಲಿನ್‌ಗಳು ಇಂಗ್ಲೆಂಡಿನ ಪೂರ್ವ ಕರಾವಳಿಯ ಗ್ರೇಟ್ ಯಾರ್ಮತ್ ಮತ್ತು ಕಿಂಗ್ಸ್ ಲಿನ್ ಪಟ್ಟಣಗಳ ಮೇಲೆ ಬಾಂಬು ಹಾಕಿದವು. ಅದೇ ವರ್ಷದ ಮೇ 31ರಂದು ಲಂಡನ್ ನಗರವೇ ದಾಳಿಗೆ ತುತ್ತಾಯಿತು. ಸಮುದ್ರದ ಆಚೆ ನಡೆಯುವುದೇ ಯುದ್ಧವೆಂದು ತಿಳಿದಿದ್ದ ಜನರಿಗೆ ಮನೆಯಲ್ಲಿ ಮಲಗಿದ್ದಾಗ ಸಾವು ಬರಬಹುದೆಂಬ ಅರಿವು ಹೊಸದು.

ಆಗಿನ ವಿಮಾನಗಳಿಂದ ಈ ವಾಯುನೌಕೆಗಳನ್ನು ತಡೆಯುವುದು ಸುಲಭವಾಗಿರಲಿಲ್ಲ. ರಕ್ಷಣೆಗೆ ನೇಮಿಸಲಾಗಿದ್ದ ಬಿಇ2ಸಿ ವಿಮಾನಕ್ಕೆ 10,000 ಅಡಿ ಎತ್ತರವನ್ನು ಮುಟ್ಟಲು ಸುಮಾರು ಮುಕ್ಕಾಲು ಗಂಟೆ ಬೇಕಾಗುತ್ತಿತ್ತು. ಜೆಪ್ಪೆಲಿನ್ ತನ್ನ ಹೊರೆಯ ನೀರನ್ನು ಚೆಲ್ಲಿ ಕೆಲವೇ ನಿಮಿಷಗಳಲ್ಲಿ ಮೇಲಕ್ಕೇರಿಬಿಡುತ್ತಿತ್ತು. ರಾತ್ರಿಯ ಹಾರಾಟದ ಅಭ್ಯಾಸವಿಲ್ಲದ ಪೈಲಟ್‌ಗಳು ಶತ್ರುವನ್ನು ಕಾಣದೆಯೇ ಹಿಂತಿರುಗಿ, ಕತ್ತಲಲ್ಲಿ ಇಳಿಯುವಾಗ ಅಪಘಾತಕ್ಕೀಡಾಗಿ ಸತ್ತ ಪ್ರಸಂಗಗಳಿವೆ. ಫಿರಂಗಿಗಳ ಗುಂಡು ಅಷ್ಟು ಎತ್ತರಕ್ಕೆ ಗುರಿತಪ್ಪದೆ ಹೋಗುತ್ತಿರಲಿಲ್ಲ.

ಪೈಲಟ್‌ನ ಪ್ರಾಣವನ್ನು ಪಣಕ್ಕಿಡದೆ, ಸ್ಫೋಟಕ ತುಂಬಿದ ಒಂದು ಸಣ್ಣ ಅಗ್ಗದ ವಿಮಾನವನ್ನು ಜೆಪ್ಪೆಲಿನ್‌ನ ಕಡೆಗೆ ನೆಲದಿಂದಲೇ ನಡೆಸಬಹುದೇ ಎಂಬ ಪ್ರಶ್ನೆ ಈ ಪರಿಸ್ಥಿತಿಯಲ್ಲಿ ಹುಟ್ಟಿತು. ಜಲಜನಕ ತುಂಬಿದ್ದ ಆ ಬೃಹತ್ ನೌಕೆಯನ್ನು ಉರಿಸಲು ಒಂದು ಕಿಡಿ ಸಾಕಾಗಿತ್ತು. ಅಂತಹುದೇ ವಿಮಾನವನ್ನು ಶತ್ರುವಿನ ನೆಲೆಗಳ ಮೇಲೆ ಹಾರುವ ಬಾಂಬಾಗಿಯೂ ಬಳಸಬಹುದೆಂಬ ಯೋಚನೆ ಜೊತೆಯಲ್ಲಿಯೇ ಇತ್ತು. ದಾಳಿಯ ಆಯುಧ ಮತ್ತು ದಾಳಿಯನ್ನು ತಡೆಯುವ ಆಯುಧ ಎರಡೂ ಒಂದೇ ಯಂತ್ರದಲ್ಲಿ ಸೇರಿದ್ದವು.

ಏರಿಯಲ್ ಟಾರ್ಗೆಟ್

ಯುದ್ಧ ಆರಂಭವಾದಾಗ ಸೇನೆಯನ್ನು ಸೇರಿ ತರಬೇತಿ ಪಡೆದಿದ್ದ ಲೋ ಅವರನ್ನು ಕ್ಯಾಪ್ಟನ್ ಪದವಿಯೊಂದಿಗೆ ರಾಯಲ್ ಫ್ಲೈಯಿಂಗ್ ಕೋರ್‌ಗೆ ಕಳುಹಿಸಲಾಯಿತು. ಟೆಲಿವಿಸ್ಟಾದ ಅನುಭವವನ್ನು ಬಳಸಿಕೊಂಡು ಪೈಲಟ್‌ರಹಿತ ವಿಮಾನದ ರೇಡಿಯೋ ನಿಯಂತ್ರಣವನ್ನು ರೂಪಿಸುವುದು ಇವರಿಗೆ ವಹಿಸಲಾದ ಕೆಲಸ. ಯೋಜನೆಗೆ ಏರಿಯಲ್ ಟಾರ್ಗೆಟ್, ಅಂದರೆ ವೈಮಾನಿಕ ಗುರಿ, ಎಂಬ ಹೆಸರು ಇಟ್ಟದ್ದು ಉದ್ದೇಶಪೂರ್ವಕವಾಗಿ. ಫಿರಂಗಿದಳದ ಅಭ್ಯಾಸಕ್ಕೆ ಗುರಿಯಾಗಿ ಹಾರಿಸುವ ನಿರಪಾಯಕಾರಿ ವಿಮಾನವೆಂದು ಜರ್ಮನ್ ಗೂಢಚಾರರು ತಿಳಿಯಲಿ ಎಂಬುದು ಇದರ ಹಿಂದಿನ ಯುಕ್ತಿ. ಈ ಸುಳ್ಳು ಹೆಸರು ಮುಂದೆ ಇತಿಹಾಸಕಾರರನ್ನೂ ದಾರಿ ತಪ್ಪಿಸಿದೆ. ಏರಿಯಲ್ ಟಾರ್ಗೆಟ್ ಕೇವಲ ಗುರಿವಿಮಾನವಾಗಿತ್ತೆಂದು ಬರೆದಿರುವ ಪುಸ್ತಕಗಳು ಇವೆ.

ಚಿಸ್ವಿಕ್‌ನ ಒಂದು ಗ್ಯಾರೇಜಿನಲ್ಲಿ ಕಾವಲಿನ ನಡುವೆ ಆರಂಭವಾದ ಕೆಲಸ ನಂತರ ಬ್ರೂಕ್‌ಲ್ಯಾಂಡ್ಸ್‌ಗೂ ಅಲ್ಲಿಂದ ಫೆಲ್ಟಮ್‌ಗೂ ಸ್ಥಳಾಂತರಗೊಂಡಿತು. ಮೊದಲ ಮಾದರಿಯನ್ನು ಕಂಡು ತೃಪ್ತರಾದ ಸೇನಾ ವಿಮಾನ ವಿಭಾಗದ ಮಹಾನಿರ್ದೇಶಕ ಸರ್ ಡೇವಿಡ್ ಹೆಂಡರ್ಸನ್ ಅವರು ಫೆಲ್ಟಮ್‌ನಲ್ಲಿ ಪ್ರಯೋಗಶಾಲೆಯನ್ನು ಸ್ಥಾಪಿಸಲು ಆಜ್ಞಾಪಿಸಿದರು. ಲೋ ಅವರ ಕೈಕೆಳಗೆ ಸುಮಾರು 30 ಮಂದಿಯನ್ನು ಆರಿಸಿ ಕೊಡಲಾಯಿತು. ಇವರಲ್ಲಿ ಬಡಗಿಗಳು, ವಿಮಾನ ಕೆಲಸಗಾರರು ಮಾತ್ರವಲ್ಲದೆ ಆಭರಣ ಮಾಡುವವರೂ ಇದ್ದರು. ಕೂದಲೆಳೆಯಷ್ಟು ತೆಳುವಾದ ತಂತಿಗಳನ್ನು ಸುತ್ತಿ, ಸೂಕ್ಷ್ಮ ಸ್ವಿಚ್ಚುಗಳನ್ನು ಮಾಡಬಲ್ಲ ಕೈ ಅಕ್ಕಸಾಲಿಗರದೇ ಆಗಿತ್ತು.

ವಿಮಾನದ ಒಡಲನ್ನು ಹಲವರು ವಿನ್ಯಾಸಗೊಳಿಸಿದರು. ಜೆಫ್ರಿ ಡಿ ಹ್ಯಾವಿಲ್ಯಾಂಡ್ ಅವರು ಒಂದನ್ನೂ, ಫಾರ್ನ್‌ಬರೋದ ರಾಯಲ್ ಏರ್‌ಕ್ರಾಫ್ಟ್ ಫ್ಯಾಕ್ಟರಿಯಲ್ಲಿ ಹೆನ್ರಿ ಫೋಲೆಂಡ್ ಅವರು ಮತ್ತೊಂದನ್ನೂ ರೂಪಿಸಿದರು. ಸಾಪ್‌ವಿತ್ ಕಂಪನಿಯೂ ಒಂದು ಮಾದರಿಯನ್ನು ಕೈಗೆತ್ತಿಕೊಂಡಿತ್ತು. ಎಬಿಸಿ ಕಂಪನಿಯ ಗ್ರ್ಯಾನ್‌ವಿಲ್ ಬ್ರಾಡ್‌ಶಾ ಅವರು ಇದಕ್ಕಾಗಿ ನ್ಯಾಟ್ ಎಂಬ ಎರಡು ಸಿಲಿಂಡರಿನ, 35 ಅಶ್ವಶಕ್ತಿಯ ಎಂಜಿನ್ನನ್ನು ಒದಗಿಸಿದರು. ಹಿಂತಿರುಗಿ ಬರಬೇಕಾಗಿಲ್ಲದ ವಿಮಾನವಾದ್ದರಿಂದ ಎಂಜಿನ್ ಸುಮಾರು ಎರಡು ಗಂಟೆ ಓಡಿದರೆ ಸಾಕೆಂಬುದು ಲೆಕ್ಕಾಚಾರ. ಯಂತ್ರವನ್ನು ಬಾಳಿಕೆಗಾಗಿ ಅಲ್ಲದೆ ಒಂದೇ ಬಾರಿಯ ಬಳಕೆಗಾಗಿ ಕಟ್ಟುವ ಈ ಲೆಕ್ಕಾಚಾರ ಆ ಕಾಲದ ವಿಮಾನ ತಯಾರಿಕೆಗೆ ಹೊಸದು.

ನಿಯಂತ್ರಣದ ಸಮಸ್ಯೆಗಳು

ನಿಯಂತ್ರಕನು ನೆಲದ ಮೇಲೆ ಕುಳಿತು ಪೆಟ್ಟಿಗೆಯೊಂದರ ಕೀಲಿಗಳನ್ನು ಒತ್ತಿದಾಗ ರೇಡಿಯೋ ಸಂಕೇತಗಳು ಹೊರಡುತ್ತಿದ್ದವು. ವಿಮಾನದಲ್ಲಿದ್ದ ಗ್ರಾಹಕವು ಅವುಗಳನ್ನು ವಿಂಗಡಿಸಿ, ಬಾಲದ ಚುಕ್ಕಾಣಿಯನ್ನು ಎಡಕ್ಕೆ ಬಲಕ್ಕೆ ಅಥವಾ ಎಲಿವೇಟರನ್ನು ಮೇಲಕ್ಕೆ ಕೆಳಕ್ಕೆ ಸರಿಸುತ್ತಿತ್ತು. ಹೇಳಲು ಇಷ್ಟೇ, ಮಾಡಿ ತೋರಿಸುವುದರಲ್ಲಿ ಮೂರು ದೊಡ್ಡ ತೊಡಕುಗಳಿದ್ದವು.

ಮೊದಲನೆಯದು ಎಂಜಿನ್‌ನದೇ ಗದ್ದಲ. ಪೆಟ್ರೋಲ್ ಎಂಜಿನ್ನಿನ ಸ್ಪಾರ್ಕ್ ಪ್ಲಗ್‌ನಲ್ಲಿ ಹಾರುವ ಪ್ರತಿಯೊಂದು ಕಿಡಿಯೂ ಒಂದು ಪುಟ್ಟ ರೇಡಿಯೋ ಪ್ರಸಾರವೇ. ಅದು ಗ್ರಾಹಕದಿಂದ ಕೆಲವೇ ಅಡಿ ದೂರದಲ್ಲಿದ್ದುದರಿಂದ ದೂರದ ನೆಲದಿಂದ ಬರುವ ಕ್ಷೀಣ ಸಂಕೇತವನ್ನು ನುಂಗಿಹಾಕುವ ಸಂಭವವಿತ್ತು. ಎಂಜಿನ್ನಿನ ಕಂಪನದಿಂದ ಸೂಕ್ಷ್ಮ ಸ್ವಿಚ್ಚುಗಳು ತಾವಾಗಿಯೇ ಮುಚ್ಚಿ ತೆರೆಯುವ ಅಪಾಯವೂ ಇದಕ್ಕೆ ಸೇರಿತ್ತು. ಜ್ವಲನ ವ್ಯವಸ್ಥೆಗಳ ಕಂಪನಿಯಲ್ಲಿ ವರ್ಷಗಟ್ಟಲೆ ದುಡಿದಿದ್ದ ಲೋ ಅವರಿಗೆ ಈ ಕಿಡಿಯ ಸ್ವಭಾವ ಬೇರೆ ರೇಡಿಯೋ ತಜ್ಞರಿಗಿಂತ ಚೆನ್ನಾಗಿ ತಿಳಿದಿತ್ತು.

ಎರಡನೆಯದು ಶತ್ರುವಿನ ಹಸ್ತಕ್ಷೇಪ. ಅದೇ ತರಂಗದಲ್ಲಿ ಜರ್ಮನರು ಬೇರೊಂದು ಸಂಕೇತವನ್ನು ಕಳುಹಿಸಿದರೆ ವಿಮಾನ ಯಾರ ಮಾತು ಕೇಳಬೇಕು? ಇದನ್ನು ಊಹಿಸಿ ಲೋ ಅವರು ಆಜ್ಞೆಗಳನ್ನು ಗುಪ್ತಸಂಕೇತದ ಕ್ರಮದಲ್ಲಿ ಕಳುಹಿಸುವ ಏರ್ಪಾಡು ಮಾಡಿದರು. ಗೊತ್ತಾದ ಕ್ರಮದಲ್ಲಿ ಬಾರದ ಸಂಕೇತಕ್ಕೆ ಗ್ರಾಹಕ ಓಗೊಡುತ್ತಿರಲಿಲ್ಲ. ಹಾರಾಟವೇ ಇನ್ನೂ ಸಾಧ್ಯವಾಗದಿದ್ದ ಹೊತ್ತಿನಲ್ಲಿ ಅದನ್ನು ಕದಿಯುವವರ ಬಗ್ಗೆ ಯೋಚಿಸಿದ್ದು ಅತಿಯೆಂದು ಅಂದಿನವರಿಗೆ ಕಂಡಿರಬಹುದು. ಇಂದು ಡ್ರೋನ್ ಯುದ್ಧದ ಅರ್ಧ ಭಾಗ ನಡೆಯುತ್ತಿರುವುದು ಸಂಕೇತಗಳನ್ನು ಕೆಡಿಸುವುದರಲ್ಲಿ ಮತ್ತು ಕೆಡದಂತೆ ಕಾಪಾಡಿಕೊಳ್ಳುವುದರಲ್ಲಿ.

ಮೂರನೆಯದಕ್ಕೆ ಲೋ ಅವರಲ್ಲಿಯೂ ಉತ್ತರವಿರಲಿಲ್ಲ. ನಿಯಂತ್ರಕನು ವಿಮಾನವನ್ನು ಕಣ್ಣಿನಿಂದ ನೋಡುತ್ತಲೇ ನಡೆಸಬೇಕಾಗಿತ್ತು. ಜೆಪ್ಪೆಲಿನ್‌ಗಳು ಬರುತ್ತಿದ್ದುದು ರಾತ್ರಿ, ಅದೂ ಮೈಲಿಗಳ ದೂರದಲ್ಲಿ, ಮೋಡಗಳ ಮೇಲೆ. ನೆಲದಿಂದ ನೋಡುವವನಿಗೆ ತನ್ನ ವಿಮಾನ ಶತ್ರುನೌಕೆಯ ಮುಂದಿದೆಯೋ ಹಿಂದಿದೆಯೋ ತಿಳಿಯುವ ಬಗೆ ಇರಲಿಲ್ಲ. ದೂರದ ದೃಶ್ಯವನ್ನು ತೋರಿಸುವ ಟೆಲಿವಿಸ್ಟಾ ಮತ್ತು ದೂರದ ವಿಮಾನವನ್ನು ನಡೆಸುವ ರೇಡಿಯೋ ಪೆಟ್ಟಿಗೆ ಎರಡೂ ಒಬ್ಬರ ಕೈಯಲ್ಲಿಯೇ ಹುಟ್ಟಿದವು. ಆದರೆ ಇವರ ಕೈಯಲ್ಲಿ ಅವೆರಡೂ ಒಂದು ಯಂತ್ರವಾಗಿ ಕೂಡಲಿಲ್ಲ. ಆ ಕಾಲದ ಸೆಲೆನಿಯಂ ಕೋಶಗಳ ಮಂದಗತಿಯನ್ನೂ ಬ್ಯಾಟರಿಗಳ ಭಾರವನ್ನೂ ನೋಡಿದರೆ ಕೂಡುವುದು ಸಾಧ್ಯವೂ ಇರಲಿಲ್ಲ.

ಅಪೇವನ್ ಪರೀಕ್ಷೆಗಳು

1917ರ ಮಾರ್ಚ್ 21ರಂದು ಸ್ಯಾಲಿಸ್‌ಬರಿ ಬಯಲಿನ ಬಳಿಯ ಅಪೇವನ್‌ನಲ್ಲಿರುವ ಸೆಂಟ್ರಲ್ ಫ್ಲೈಯಿಂಗ್ ಸ್ಕೂಲಿನಲ್ಲಿ ಮೊದಲ ಸಾರ್ವಜನಿಕವಲ್ಲದ ಪ್ರದರ್ಶನ ನಡೆಯಿತು. ಮಿತ್ರರಾಷ್ಟ್ರಗಳ ಹಲವು ಹಿರಿಯ ಸೇನಾಧಿಕಾರಿಗಳು ಹಾಜರಿದ್ದರು. ಡಿ ಹ್ಯಾವಿಲ್ಯಾಂಡ್ ವಿನ್ಯಾಸದ ಪುಟ್ಟ ಏಕರೆಕ್ಕೆಯ ವಿಮಾನವನ್ನು ಲಾರಿಯೊಂದರ ಹಿಂಭಾಗದಿಂದ ಒತ್ತಡದ ಗಾಳಿಯ ಸಹಾಯದಿಂದ ಚಿಮ್ಮಿಸಲಾಯಿತು. ಮುಂದೆ ಮೋಟಾರು ಓಟದಲ್ಲಿ ವೇಗದ ವಿಶ್ವದಾಖಲೆಗಳನ್ನು ಸ್ಥಾಪಿಸಿ ಪ್ರಸಿದ್ಧರಾದ ಹೆನ್ರಿ ಸೀಗ್ರೇವ್ ಅವರು ಅಂದು ನಿಯಂತ್ರಣದ ಕೆಲಸದಲ್ಲಿದ್ದರೆಂದು ಹೇಳಲಾಗುತ್ತದೆ. ವಿಮಾನ ಸಂಕೇತಗಳಿಗೆ ಓಗೊಟ್ಟು ತಿರುಗಿದ್ದು ಕಂಡುಬಂತು. ಆದರೆ ಸ್ವಲ್ಪ ಹೊತ್ತಿನಲ್ಲಿಯೇ ಎಂಜಿನ್ ಕೈಕೊಟ್ಟಿತು, ವಿಮಾನ ನೆಲಕ್ಕೆ ಬಿತ್ತು. ಇದಕ್ಕಿಂತ ದೂರಕ್ಕೆ ತನ್ನ ಕೊಡೆಯನ್ನೇ ಎಸೆಯಬಲ್ಲೆನೆಂದು ನೋಡುತ್ತಿದ್ದವರಲ್ಲಿ ಒಬ್ಬರು ಗೇಲಿ ಮಾಡಿದರೆಂಬ ಕಥೆ ಪ್ರಚಲಿತವಾಗಿದೆ.

ಅದೇ ವರ್ಷದ ಜುಲೈ 6ರಂದು ನಡೆದ ಇನ್ನೊಂದು ಪರೀಕ್ಷೆಯಲ್ಲಿ ಮೇಲೇಳುವಾಗಲೇ ಆಂಟೆನಾ ಕಳಚಿಹೋಗಿ ಪ್ರಯೋಗವನ್ನು ಅರ್ಧಕ್ಕೆ ನಿಲ್ಲಿಸಬೇಕಾಯಿತು. ವಿಮಾನವನ್ನು ಸಮತೋಲದಲ್ಲಿಡಲು ವಿದ್ಯುತ್ ಚಾಲಿತ ಗೈರೋಸ್ಕೋಪನ್ನು ನಂತರ ಅಳವಡಿಸಲಾಯಿತು. ಒಡೆದ ವಿಮಾನಗಳಲ್ಲಿ ಸೋತದ್ದು ಎಂಜಿನ್, ಚಿಮ್ಮಿಸುವ ವ್ಯವಸ್ಥೆ ಅಥವಾ ಸಮತೋಲನ. ರೇಡಿಯೋ ನಿಯಂತ್ರಣದ ತತ್ತ್ವ ಸೋತಿತೆಂದು ಹೇಳಲು ಆಧಾರವಿಲ್ಲ. ಆದರೆ ನೆಲಕ್ಕೆ ಬಿದ್ದ ವಿಮಾನವನ್ನು ನೋಡಿದ ಸೇನಾಧಿಕಾರಿಗಳಿಗೆ ಈ ವ್ಯತ್ಯಾಸ ಕಾಣುವಂತಿರಲಿಲ್ಲ.

ಅಷ್ಟರಲ್ಲಿ ಯುದ್ಧದ ಪರಿಸ್ಥಿತಿಯೂ ಬದಲಾಗಿತ್ತು. 1916ರ ಸೆಪ್ಟೆಂಬರ್ 3ರ ಮುಂಜಾವಿನಲ್ಲಿ ವಿಲಿಯಂ ಲೀಫ್ ರಾಬಿನ್ಸನ್ ಎಂಬ ಪೈಲಟ್ ಬೆಂಕಿ ಹೊತ್ತಿಸುವ ಹೊಸ ಬಗೆಯ ಗುಂಡುಗಳಿಂದ ಎಸ್‌ಎಲ್ 11 ಎಂಬ ವಾಯುನೌಕೆಯನ್ನು ಲಂಡನ್ನಿನ ಉತ್ತರಕ್ಕೆ ಉರುಳಿಸಿದ್ದರು. ಆ ಗುಂಡುಗಳು ಬಂದ ಮೇಲೆ ಸಾಮಾನ್ಯ ವಿಮಾನವೇ ವಾಯುನೌಕೆಗೆ ಮೃತ್ಯುವಾಯಿತು. 1917ರ ಜೂನ್ 13ರಂದು ಲಂಡನ್ನಿನ ಮೇಲೆ ಹಗಲಿನಲ್ಲಿಯೇ ದಾಳಿ ಮಾಡಿ 162 ಜನರನ್ನು ಕೊಂದದ್ದು ಜೆಪ್ಪೆಲಿನ್‌ಗಳಲ್ಲ, ಗೋಥಾ ಬಾಂಬರ್ ವಿಮಾನಗಳು. ಗುಂಪಾಗಿ ವೇಗವಾಗಿ ಬರುವ ಆ ವಿಮಾನಗಳನ್ನು 35 ಅಶ್ವಶಕ್ತಿಯ ಪುಟ್ಟ ಯಂತ್ರದಿಂದ ಬೆನ್ನಟ್ಟುವ ಮಾತೇ ಇರಲಿಲ್ಲ. ತಡೆಯುವ ಆಯುಧ ಸಿದ್ಧವಾಗುವ ಮೊದಲೇ ದಾಳಿಯ ಆಯುಧ ಬದಲಾಗಿತ್ತು. ಏರಿಯಲ್ ಟಾರ್ಗೆಟ್ ಯೋಜನೆಯನ್ನು ಕೈಬಿಡಲಾಯಿತು.

ದೂರನಿಯಂತ್ರಿತ ದೋಣಿಗಳು ಮತ್ತು ರಾಕೆಟ್

ಫೆಲ್ಟಮ್‌ನಲ್ಲಿ ಬೆಳೆದ ವಿದ್ಯೆಯನ್ನು ನೌಕಾಪಡೆ ಎತ್ತಿಕೊಂಡಿತು. ಸ್ಫೋಟಕ ತುಂಬಿದ ವೇಗದ ಮೋಟಾರು ದೋಣಿಗಳನ್ನು ಮೇಲೆ ಹಾರುವ ವಿಮಾನದಿಂದ ರೇಡಿಯೋ ಮೂಲಕ ನಡೆಸುವ ಪ್ರಯೋಗಗಳು 1918ರಲ್ಲಿ ನಡೆದವು. ದೋಣಿ ಆಕಾಶದಿಂದ ಬೀಳುವುದಿಲ್ಲ, ಎಂಜಿನ್ ನಿಂತರೂ ಮುಳುಗುವುದಿಲ್ಲ. ವಿಮಾನದಲ್ಲಿರುವವನಿಗೆ ದೋಣಿಯೂ ಗುರಿಯೂ ಒಟ್ಟಿಗೆ ಕಾಣುತ್ತವೆ. ಹೀಗಾಗಿ ಲೋ ಅವರ ನಿಯಂತ್ರಣ ಪೆಟ್ಟಿಗೆ ಆಕಾಶಕ್ಕಿಂತ ನೀರಿನಲ್ಲಿ ಹೆಚ್ಚು ಯಶಸ್ವಿಯಾಯಿತು. ಯುದ್ಧ ಮುಗಿದುದರಿಂದ ಇವೂ ಬಳಕೆಗೆ ಬರಲಿಲ್ಲ. 1917ರಲ್ಲಿ ವಿದ್ಯುತ್ತಿನಿಂದ ದಾರಿ ತೋರಿಸಬಹುದಾದ ರಾಕೆಟ್ಟನ್ನೂ ಇವರ ತಂಡ ರೂಪಿಸಿತ್ತು.

1915ರಲ್ಲಿ ತಮ್ಮನ್ನು ಕೊಲ್ಲಲು ಎರಡು ಬಾರಿ ಪ್ರಯತ್ನ ನಡೆಯಿತೆಂದು ಲೋ ಅವರು ಹೇಳಿಕೊಂಡಿದ್ದರು. ಒಮ್ಮೆ ಪಾಲ್ ಸ್ಟ್ರೀಟಿನ ಪ್ರಯೋಗಾಲಯದ ಕಿಟಕಿಯ ಮೂಲಕ ಗುಂಡು ಹಾರಿತು; ಇನ್ನೊಮ್ಮೆ ಜರ್ಮನ್ ಉಚ್ಚಾರಣೆಯ ಆಗಂತುಕನೊಬ್ಬ ನೀಡಿದ ಸಿಗರೇಟಿನಲ್ಲಿ ಸ್ಟ್ರಿಕ್ನಿನ್ ವಿಷ ಪತ್ತೆಯಾಯಿತು. ತಮ್ಮ ಕಥೆಯನ್ನು ರಂಗಾಗಿ ಹೇಳುವುದರಲ್ಲಿ ಇವರು ಹಿಂದೆ ಬಿದ್ದವರಲ್ಲವಾದ್ದರಿಂದ ಈ ಪ್ರಸಂಗಗಳನ್ನು ಎಚ್ಚರಿಕೆಯಿಂದ ಓದಬೇಕು.

ಯುದ್ಧಾನಂತರದ ಜೀವನ

ಯುದ್ಧದ ಬಳಿಕ ಸರ್ ಹೆನ್ರಿ ನಾರ್ಮನ್ ಅವರ ಸಹಭಾಗಿತ್ವದಲ್ಲಿ ಲೋ ಎಂಜಿನಿಯರಿಂಗ್ ಕಂಪನಿಯನ್ನು ಸ್ಥಾಪಿಸಿದರು. 1922ರಲ್ಲಿ ಹಗುರ ಲೋಹದಿಂದ ಮಾಡಿದ ಮೋಟಾರು ಸೈಕಲ್ಲನ್ನು ರೂಪಿಸಿದರು. ಶಬ್ದದ ಅಲೆಗಳನ್ನು ಛಾಯಾಚಿತ್ರವಾಗಿ ದಾಖಲಿಸುವ ಆಡಿಯೋಮೀಟರ್ ಎಂಬ ಉಪಕರಣದಿಂದ ಲಂಡನ್ನಿನ ಸುರಂಗ ರೈಲಿನ ಗದ್ದಲವನ್ನು ಅಳೆದರು. ಮೋಟಾರು ಸೈಕಲ್ ಓಟದ ಸಂಘಟನೆಯಲ್ಲಿಯೂ ದೀರ್ಘಕಾಲ ತೊಡಗಿದ್ದರು.

1919ರಿಂದ 1922ರವರೆಗೆ ಸೇನೆಯ ಆರ್ಡ್‌ನೆನ್ಸ್ ಕಾಲೇಜಿನಲ್ಲಿ ಭೌತಶಾಸ್ತ್ರದ ಗೌರವ ಸಹಾಯಕ ಪ್ರಾಧ್ಯಾಪಕರಾಗಿದ್ದರು. ಆ ಹುದ್ದೆ ಮುಗಿದ ಮೇಲೂ ಪ್ರೊಫೆಸರ್ ಎಂಬ ಬಿರುದನ್ನು ಬಳಸುತ್ತಿದ್ದುದು ವಿಶ್ವವಿದ್ಯಾಲಯಗಳ ವಿದ್ವಾಂಸರಿಗೆ ಸರಿಬರಲಿಲ್ಲ. ಜನಪ್ರಿಯ ವಿಜ್ಞಾನದ ಬರಹ, ಭಾಷಣಗಳಿಂದ ಸಾಮಾನ್ಯ ಓದುಗರಲ್ಲಿ ಇವರ ಹೆಸರು ಬೆಳೆದಷ್ಟೂ ವಿದ್ವಾಂಸರ ವಲಯದಲ್ಲಿ ಅನುಮಾನ ಬೆಳೆಯಿತು. ಏರಿಯಲ್ ಟಾರ್ಗೆಟ್ ಕೆಲಸ ಸೇನೆಯ ರಹಸ್ಯವಾಗಿತ್ತು. ಇವರ ನಿಜವಾದ ಸಾಧನೆಯ ವಿವರ ಹೊರಗೆ ತಿಳಿದಿರಲಿಲ್ಲ. ತಿಳಿದಿದ್ದದ್ದು ಇವರ ಭವಿಷ್ಯವಾಣಿಗಳು ಮತ್ತು ಮೊಟ್ಟೆ ಬೇಯಿಸುವ ಪಾತ್ರೆ. ಆ ವಿದ್ವಾಂಸರ ಅನುಮಾನಕ್ಕೆ ಇದೂ ಕಾರಣವಾಗಿದ್ದಿರಬೇಕು.

1924ರಲ್ಲಿ ರೇಡಿಯೋದ ಭವಿಷ್ಯವನ್ನು ಕುರಿತ ವೈರ್‌ಲೆಸ್ ಪಾಸಿಬಿಲಿಟೀಸ್, 1925ರಲ್ಲಿ ದಿ ಫ್ಯೂಚರ್ ಎಂಬ ಪುಸ್ತಕಗಳು ಪ್ರಕಟವಾದವು. ಆರ್ಮ್‌ಚೇರ್ ಸೈನ್ಸ್ ಎಂಬ ಪತ್ರಿಕೆಯ ಸಂಪಾದಕರಾಗಿಯೂ ಕೆಲಸ ಮಾಡಿದರು. ಮಕ್ಕಳಿಗಾಗಿ ಅಡ್ರಿಫ್ಟ್ ಇನ್ ದ ಸ್ಟ್ರಾಟೋಸ್ಫಿಯರ್ (1937), ಮಾರ್ಸ್ ಬ್ರೇಕ್ಸ್ ಥ್ರೂ (1938) ಮತ್ತು ಸ್ಯಾಟಲೈಟ್ ಇನ್ ಸ್ಪೇಸ್ (1956) ಎಂಬ ವೈಜ್ಞಾನಿಕ ಕಾದಂಬರಿಗಳನ್ನು ಬರೆದರು. ಬ್ರಿಟಿಷ್ ಅಂತರಗ್ರಹ ಸಂಘದ ಅಧ್ಯಕ್ಷರಾಗಿದ್ದರು. ಚಂದ್ರಯಾನದ ಮಾತು ಕೇಳಿ ಜನ ನಗುತ್ತಿದ್ದ ಕಾಲದಲ್ಲಿ ಆ ಸಂಘಕ್ಕೆ ಪರಿಚಿತ ಹೆಸರೊಂದರ ಬೆಂಬಲ ಬೇಕಾಗಿತ್ತು. ಎರಡನೆಯ ಮಹಾಯುದ್ಧದಲ್ಲಿ ಮತ್ತೆ ಸರ್ಕಾರದ ಸೇವೆಗೆ ಬಂದರೂ ಮೊದಲಿನಂತಹ ಯೋಜನೆಯ ಹೊಣೆ ಇವರಿಗೆ ಸಿಗಲಿಲ್ಲ.

ನಂತರದ ಬೆಳವಣಿಗೆಗಳು

ಲೋ ಅವರ ಕೆಲಸ ನಿಂತ ಸ್ಥಳದಿಂದ ಎರಡು ದಾರಿಗಳು ಕವಲೊಡೆದವು. ಅಮೆರಿಕದಲ್ಲಿ ಎಲ್ಮರ್ ಸ್ಪೆರಿ, ಪೀಟರ್ ಕೂಪರ್ ಹ್ಯೂವಿಟ್ ಮತ್ತು ಚಾರ್ಲ್ಸ್ ಕೆಟರಿಂಗ್ ಅವರು ರೇಡಿಯೋವನ್ನು ನೆಚ್ಚದೆ ಗೈರೋಸ್ಕೋಪಿನಿಂದ ನೇರ ದಾರಿಯಲ್ಲಿ ಸಾಗಿ ಬೀಳುವ ಹಾರುವ ಬಾಂಬುಗಳನ್ನು ಪ್ರಯೋಗಿಸಿದರು. ಫಾರ್ನ್‌ಬರೋದಲ್ಲಿ 1920ರ ದಶಕದಲ್ಲಿ ಲ್ಯಾರಿಂಕ್ಸ್ ಎಂಬ ವೇಗದ ಪೈಲಟ್‌ರಹಿತ ವಿಮಾನ ತಯಾರಾಯಿತು. ರೇಡಿಯೋ ನಿಯಂತ್ರಣದ ದಾರಿ 1935ರಲ್ಲಿ ಡಿ ಹ್ಯಾವಿಲ್ಯಾಂಡ್ ಕಂಪನಿಯ ಕ್ವೀನ್ ಬೀ ವಿಮಾನವನ್ನು ಮುಟ್ಟಿತು. ಇದು ನಿಜವಾಗಿಯೂ ಫಿರಂಗಿದಳದ ಅಭ್ಯಾಸದ ಗುರಿ. ಹದಿನೆಂಟು ವರ್ಷಗಳ ಹಿಂದೆ ಶತ್ರುವನ್ನು ಮರುಳುಮಾಡಲು ಹೇಳಿದ್ದ ಸುಳ್ಳು ಹೀಗೆ ಸತ್ಯವಾಯಿತು. ರಾಣಿಜೇನು ಎಂಬ ಆ ಹೆಸರಿನಿಂದಲೇ ಗಂಡುಜೇನು ಎಂಬರ್ಥದ ಡ್ರೋನ್ ಪದ ಅಮೆರಿಕದ ನೌಕಾಪಡೆಯಲ್ಲಿ ಬಳಕೆಗೆ ಬಂತೆಂಬ ವಿವರಣೆ ವ್ಯಾಪಕವಾಗಿದೆ.

1944ರ ಜೂನ್ 13ರಿಂದ ಜರ್ಮನಿಯ ವಿ-1 ಹಾರುವ ಬಾಂಬುಗಳು ಲಂಡನ್ನಿನ ಮೇಲೆ ಬೀಳತೊಡಗಿದವು. ಗಂಟೆಗೆ ಸುಮಾರು 640 ಕಿಲೋಮೀಟರ್ ವೇಗದ ಈ ಪೈಲಟ್‌ರಹಿತ ಆಯುಧವನ್ನು ತಡೆಯಲು ಬ್ರಿಟನ್ ಬಳಸಿದ್ದು ಪೈಲಟ್‌ಗಳಿದ್ದ ಟೆಂಪೆಸ್ಟ್, ಸ್ಪಿಟ್‌ಫೈರ್ ಮತ್ತು ಮೀಟಿಯರ್ ವಿಮಾನಗಳನ್ನು, ಜೊತೆಗೆ ರಾಡಾರ್‌ನಿಂದ ಗುರಿಯಿಡುವ ಫಿರಂಗಿಗಳನ್ನು. ತೀರ ಹತ್ತಿರದಿಂದ ಗುಂಡು ಹಾರಿಸಿದರೆ ಬಾಂಬು ಸಿಡಿದು ಹೊಡೆದವರ ವಿಮಾನಕ್ಕೇ ಬೆಂಕಿ ತಗಲುತ್ತಿತ್ತು. ಕೆಲವು ಪೈಲಟ್‌ಗಳು ತಮ್ಮ ರೆಕ್ಕೆಯ ತುದಿಯಿಂದ ಬಾಂಬಿನ ರೆಕ್ಕೆಯನ್ನು ಓರೆಮಾಡಿ ಅದನ್ನು ಉರುಳಿಸಿದರು. ಲೋ ಅವರು 1915ರಲ್ಲಿ ಬಿಡಿಸಲು ಕುಳಿತ ಪ್ರಶ್ನೆ ಮತ್ತೆ ಮುಂದೆ ಬಂದಿತ್ತು. ತಡೆಯುವವರ ಪ್ರಾಣ ಮತ್ತೆ ಪಣದಲ್ಲಿತ್ತು.

ಪೈಲಟ್‌ರಹಿತ ದಾಳಿಯನ್ನು ಪೈಲಟ್‌ರಹಿತ ವಿಮಾನದಿಂದಲೇ ತಡೆಯುವ ಯೋಚನೆ ದೊಡ್ಡ ಪ್ರಮಾಣದಲ್ಲಿ ಕಾರ್ಯರೂಪಕ್ಕೆ ಬಂದದ್ದು ಉಕ್ರೇನ್ ಯುದ್ಧದಲ್ಲಿ. 2022ರ ಶರತ್ಕಾಲದಿಂದ ರಷ್ಯಾ ಬಳಸುತ್ತಿರುವ ಇರಾನ್ ಮೂಲದ ಶಾಹೆದ್-136 ದಾಳಿ ಡ್ರೋನ್ ಗಂಟೆಗೆ ಸುಮಾರು 185 ಕಿಲೋಮೀಟರ್ ವೇಗದಲ್ಲಿ ಬರುತ್ತದೆ. ಇದನ್ನು ಹೊಡೆಯಲು ಲಕ್ಷಾಂತರ ಡಾಲರ್ ಬೆಲೆಯ ಕ್ಷಿಪಣಿಯನ್ನು ವ್ಯಯಿಸಿದರೆ ಗೆದ್ದವನೇ ದಿವಾಳಿಯಾಗುವ ಪರಿಸ್ಥಿತಿ. ಹೀಗಾಗಿ ಉಕ್ರೇನಿನ ತಯಾರಕರು ಗಂಟೆಗೆ 300 ಕಿಲೋಮೀಟರಿಗೂ ಮಿಗಿಲಾದ ವೇಗದ, ಕೆಲವು ಸಾವಿರ ಡಾಲರ್ ಬೆಲೆಯ, ಒಂದೇ ಬಾರಿ ಬಳಸುವ ಪುಟ್ಟ ಪ್ರತಿಬಂಧಕ ಡ್ರೋನ್‌ಗಳನ್ನು ರೂಪಿಸಿದರು. ನಿಯಂತ್ರಕನು ನೆಲದ ಮೇಲಿದ್ದು, ಡ್ರೋನ್‌ನ ಮೂತಿಯಲ್ಲಿರುವ ಕ್ಯಾಮೆರಾ ಕಳುಹಿಸುವ ದೃಶ್ಯವನ್ನು ಕನ್ನಡಕದಂತಹ ಪರದೆಯಲ್ಲಿ ನೋಡುತ್ತ ಅದನ್ನು ಶತ್ರುವಿನ ಕಡೆಗೆ ನಡೆಸುತ್ತಾನೆ. ಲೋ ಅವರ ಕಾಲದಲ್ಲಿ ಗುರಿ ದೊಡ್ಡದು, ನಿಧಾನವಾದದ್ದು, ದುಬಾರಿಯಾದದ್ದು. ಈಗ ಗುರಿಯೂ ಅಗ್ಗ. ಹೀಗಾಗಿ ತಡೆಯುವ ಯಂತ್ರ ಅದಕ್ಕಿಂತಲೂ ಅಗ್ಗವಾಗಿರಬೇಕು, ವೇಗವಾಗಿಯೂ ಇರಬೇಕು. ಅಗ್ಗದ ಒಡಲು, ಅಲ್ಪಾಯುಷಿ ಎಂಜಿನ್, ಕದಿಯಲಾಗದ ಸಂಕೇತ, ದೂರದಿಂದ ಕಾಣುವ ಕಣ್ಣು ಎಂಬ ಬೇಡಿಕೆಗಳು ಮಾತ್ರ ಫೆಲ್ಟಮ್‌ನಲ್ಲಿ ಇದ್ದವೇ.

ನಿಧನ ಮತ್ತು ಗೌರವ

ಲೋ ಅವರು 1956ರ ಸೆಪ್ಟೆಂಬರ್ 13ರಂದು ತಮ್ಮ 67ನೆಯ ವಯಸ್ಸಿನಲ್ಲಿ ಲಂಡನ್ನಿನಲ್ಲಿ ನಿಧನರಾದರು. ಬ್ರಾಂಪ್ಟನ್ ಸ್ಮಶಾನದಲ್ಲಿ ಇವರ ಸಮಾಧಿಯಿದೆ. ಕಾದಂಬರಿಗಾರ್ತಿ ಅರ್ಸುಲಾ ಬ್ಲೂಮ್ ಅವರು ಬರೆದ ಇವರ ಜೀವನಚರಿತ್ರೆ ಹೀ ಲಿಟ್ ದ ಲ್ಯಾಂಪ್ 1958ರಲ್ಲಿ ಪ್ರಕಟವಾಯಿತು. 1976ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿರುವ ಅಂತರರಾಷ್ಟ್ರೀಯ ಬಾಹ್ಯಾಕಾಶ ಗೌರವ ಭವನದಲ್ಲಿ ಇವರ ಹೆಸರನ್ನು ಸೇರಿಸಲಾಯಿತು.